ಆರಲೊಲ್ಲದ ಹಸಿರು ದೀಪ

ಬೋರ್ಡು ಮಾತು ನಿಲ್ಲಿಸಿದಾಗ ವರ್ಕ್‌ಶಾಪಿನಲ್ಲಿ ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ನೋಡುತ್ತಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಅನ್ನಿಸಿತು. ಮುಖ ನೋಡಿಯೇ ಅವರಿಗೆ ಗೊತ್ತಾಗಿಬಿಡುತ್ತಿತ್ತು, ಬಾಯಿಬಿಟ್ಟು ಹೇಳುವ ಕೆಲಸ ತಪ್ಪುತ್ತಿತ್ತು. ಮೇಜಿನ ಮೇಲೆ ಹಾಸಿದ ರಬ್ಬರ್ ಹಾಳೆಯ ನಡುವೆ ಅದು, ಅಂಗೈಯಗಲದ ಎಲೆಕ್ಟ್ರಾನಿಕ್ ಬೋರ್ಡು, ಕೂತಿತ್ತು. ಒಂದು ಬದಿಗೆ ಕರೆಂಟಿನ ಪಿನ್ನು, ಇನ್ನೊಂದು ಬದಿಯಿಂದ ಕಂಪ್ಯೂಟರಿಗೆ ಹೋಗುವ ಮೂರು ಸಣ್ಣ ತಂತಿಗಳು, ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಸ್ಪೀಕರು. ಹೊಸ ಬೂಟ್‌ಲೋಡರನ್ನು ಅದರೊಳಗೆ ಬರೆದು ಮುಗಿಸಿ, ಮತ್ತೆ ಶುರುವಾಗು ಎಂದು ಹೇಳಿದ್ದ. ಪರದೆಯ ಮೇಲೆ ಸಾಲುಗಳು ಹರಿದು ಬರಬೇಕಿತ್ತು. ಒಂದು ಚೌಕ ಮಾತ್ರ ಕಣ್ಣು ಮಿಟುಕಿಸುತ್ತ ನಿಂತಿತ್ತು. ಪಿನ್ನು ಕಿತ್ತ, ಮತ್ತೆ ಚುಚ್ಚಿದ. ಏನೂ ಇಲ್ಲ. ಮತ್ತೆ ಕಿತ್ತ. ಆಗ ಕಣ್ಣಿಗೆ ಬಿದ್ದದ್ದು ದೀಪ. ಪಿನ್ನು ಕೂರುವ ತೂತಿನ ಪಕ್ಕದಲ್ಲಿ ಸಾಸಿವೆಕಾಳಿನಷ್ಟು ಹಸಿರು ದೀಪ. ಕರೆಂಟು ಇದ್ದಾಗ ಪಳಪಳ ಹೊಳೆಯುತ್ತಿದ್ದದ್ದು, ಕಿತ್ತ ಮೇಲೂ ಪೂರ್ತಿ ಆರಿರಲಿಲ್ಲ. ಕೈಯನ್ನು ಅಡ್ಡ ಹಿಡಿದು ನೆರಳು ಮಾಡಿ ನೋಡಿದರೆ ಮಂಕಾಗಿ ಉರಿಯುತ್ತಲೇ ಇತ್ತು. ಜೀವ ಇದೆ, ಅಂದುಕೊಂಡ.

ಲಿಫ್ಟಿನೊಳಗೆ ಬಾಗಿಲ ಪಕ್ಕದಲ್ಲಿ ಮಹಡಿಯ ಸಂಖ್ಯೆ ತೋರಿಸಿ, ಮಹಡಿಯ ಹೆಸರು ಹೇಳುವ ಒಂದು ಪೆಟ್ಟಿಗೆ ಇರುತ್ತದೆ. ಈ ಬೋರ್ಡು ಅದರ ಹೊಟ್ಟೆಯಲ್ಲಿ ಕೂರುವಂಥದು. ಭಾವಮೈದುನನ ವರ್ಕ್‌ಶಾಪಿನಲ್ಲಿ ಮಾಡುತ್ತಿದ್ದದ್ದು ಅದೇ ಪೆಟ್ಟಿಗೆಗಳನ್ನು. ಆಸ್ಪತ್ರೆಯೊಂದರಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಹಳೆಯ ಪೆಟ್ಟಿಗೆ ಏಳುವುದಕ್ಕೆ ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು. ಲಿಫ್ಟಿನೊಳಗಿದ್ದವರು ಪೆಟ್ಟಿಗೆಯ ಕಪ್ಪು ಮುಖವನ್ನು ನೋಡುತ್ತ, ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲಬೇಕು. ಒಮ್ಮೆ ಸ್ಟ್ರೆಚರಿನ ಮೇಲೆ ಮಲಗಿದ್ದ ಅಜ್ಜಿಯೊಬ್ಬಳು ಆ ಮೌನದಲ್ಲಿ, "ನಾನು ಹೋಗ್ಬಿಟ್ನಾ?" ಎಂದು ಕೇಳಿದಳಂತೆ. ಭಾವಮೈದುನ ಈ ಕಥೆ ಹೇಳಿ ನಕ್ಕಿದ್ದ, ಆಮೇಲೆ ನಗು ನಿಲ್ಲಿಸಿ, "ಬೇಗ ಏಳೋ ಹಾಗೆ ಮಾಡಬೇಕು, ಭಾವ. ನಿಮಗೇ ಬಿಟ್ಟಿದ್ದೀನಿ," ಅಂದಿದ್ದ. ಹೊಸ ನಮೂನೆಯ ಬೋರ್ಡು ಅವರ ಹತ್ತಿರ ಇದ್ದದ್ದು ಇದೊಂದೇ. ಇನ್ನೊಂದು ಬರಬೇಕೆಂದರೆ ತಿಂಗಳುಗಟ್ಟಲೆ ಆಗುತ್ತದೆ, ಅಷ್ಟು ದಿನ ಕಾಯುವುದಿಲ್ಲ ಎಂದು ಆಸ್ಪತ್ರೆಯವರು ಮುಖದ ಮೇಲೇ ಹೇಳಿದ್ದರು. ಇವತ್ತು ಸಂಜೆ ಅವರ ಕಡೆಯವರು ಬಂದು ನೋಡಿ ಒಪ್ಪಿದರೆ ಕೆಲಸ ಇವರದು, ಇಲ್ಲದಿದ್ದರೆ ಬೇರೆಯವರದು.

ಬೂಟ್‌ಲೋಡರ್ ಅಂದರೆ ಎಲ್ಲರಿಗಿಂತ ಮೊದಲು ಏಳುವ ಪುಟ್ಟ ಪ್ರೋಗ್ರಾಂ. ಕರೆಂಟು ಬಂದ ಕೂಡಲೇ ಎದ್ದು, ಕತ್ತಲಲ್ಲೇ ತಡಕಾಡಿ ನೆನಪಿನ ಚಿಪ್ಪನ್ನು ಎಬ್ಬಿಸಿ, ತಂತಿಯ ಮೇಲೆ ಎರಡು ಸಾಲು ಮಾತಾಡಿ, ಆಮೇಲೆ ದೊಡ್ಡ ಪ್ರೋಗ್ರಾಮನ್ನು ಎಬ್ಬಿಸಿ, ಮನೆ ಅದರ ಕೈಗೆ ಕೊಟ್ಟು ತಾನು ಮರೆಗೆ ಸರಿಯುತ್ತದೆ. ಇದನ್ನು ಮೊದಲ ಸಲ ಕಲಿತ ದಿನವೇ ಅವನಿಗೆ ಅಮ್ಮ ನೆನಪಾಗಿದ್ದಳು. ಅಮ್ಮ ಒಬ್ಬೊಬ್ಬರನ್ನು ಒಂದೊಂದು ಥರ ಎಬ್ಬಿಸುತ್ತಿದ್ದಳು. ಅಪ್ಪನಿಗೆ ಬಾಗಿಲ ಹೊರಗೆ ಒಂದು ಸಣ್ಣ ಕೆಮ್ಮು ಸಾಕು. ಅಕ್ಕನಿಗೆ ಕಿಟಕಿ ತೆಗೆಯಬೇಕು. ಇವನಿಗೆ ಕಾಲ ಕಡೆಯಿಂದ ಹೊದಿಕೆ ಎಳೆಯಬೇಕು; ಎಳೆದರೂ ಇವನು ಆಗಲೇ ಎಚ್ಚರವಾಗಿ, ಅವಳು ಬರುವುದನ್ನೇ ಕಾಯುತ್ತ ಬಿದ್ದುಕೊಂಡಿರುತ್ತಿದ್ದ. "ನಿನ್ನನ್ನ ಯಾರಮ್ಮಾ ಎಬ್ಬಿಸ್ತಾರೆ?" ಎಂದು ಒಮ್ಮೆ ಕೇಳಿದ್ದಕ್ಕೆ, ಅವಳು ಹೊದಿಕೆ ಮಡಿಸುತ್ತ, "ನನಗ್ಯಾರೂ ಬೇಡ. ನಾನು ಮಲಗಿದ್ರೆ ಸರಿಯಾಗಿ ಮಲಗ್ತೀನಿ ಕಣೋ, ನಿನ್ನ ಹಾಗೆ ಒಂದು ಕಿವಿ ತೆರ್ಕೊಂಡಲ್ಲ," ಅಂದಿದ್ದಳು. ಅವಳು ಹೋದ ಬೆಳಿಗ್ಗೆ ಆ ಮನೆಯಲ್ಲಿ ಎಲ್ಲರೂ ತಡವಾಗಿ ಎದ್ದಿದ್ದರು. ಈಗ ಅವನು ಬೋರ್ಡಿನ ಮೇಲಿನ ಸಣ್ಣ ಗುಂಡಿಯನ್ನು ಒತ್ತಿಹಿಡಿದುಕೊಂಡೇ ಪಿನ್ನು ಚುಚ್ಚಿದ. ಬರೆದದ್ದೆಲ್ಲ ಅಳಿಸಿಹೋಗಿದ್ದರೂ ಚಿಪ್ಪಿನ ಒಳಗೆ ಹುಟ್ಟುವಾಗಲೇ ಕೊರೆದಿಟ್ಟ ಒಂದು ಚೂರು ಇರುತ್ತದೆ, ಯಾರೂ ಅಳಿಸಲಾಗದ್ದು. ಗುಂಡಿ ಒತ್ತಿ ಕರೆದರೆ ಅದಾದರೂ ಓ ಅನ್ನಬೇಕು. ಅನ್ನಲಿಲ್ಲ. ಪಿನ್ನು ಕಿತ್ತಾಗ ಹಸಿರು ದೀಪ ಮಾತ್ರ ಮೊದಲಿನ ಹಾಗೇ ಮಂಕಾಗಿ ಇತ್ತು.

ತಪ್ಪು ಎಲ್ಲಿ ಆಯಿತೆಂದು ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದ. ಹೊಸದನ್ನು ಮೊದಲು ಹೊರಗಿನ ಮೆಮೊರಿ ಕಾರ್ಡಿಗೆ ಬರೆದು, ಕಾರ್ಡನ್ನು ಬೋರ್ಡಿಗೆ ತೂರಿಸಿ, ಎದ್ದು ಓಡಾಡುತ್ತದೆ ಎಂದು ಕಣ್ಣಾರೆ ಕಂಡ ಮೇಲೆ ಒಳಗಿನ ಚಿಪ್ಪಿಗೆ ಬರೆಯುವುದು ಪದ್ಧತಿ. ಹಳೆಯದು ಒಳಗೇ ಉಳಿದಿರುತ್ತದೆ, ಎಡವಿದರೂ ಕಾರ್ಡು ಕಿತ್ತರೆ ಮುಗಿಯಿತು. ಬೆಳಿಗ್ಗೆ ಅವನು ಸರಿಯಾಗಿಯೇ ಶುರುಮಾಡಿದ್ದ. ಈ ಬೋರ್ಡಿಗೆ ಒಂದು ತಂಗಿ ಬೋರ್ಡು ಇತ್ತು, ಹೆಸರಿನ ಕೊನೆಯ ಅಕ್ಷರ ಒಂದೇ ಬೇರೆ, ನೆನಪಿನ ಚಿಪ್ಪು ಬೇರೆ. ಅದರ ಬೂಟ್‌ಲೋಡರಲ್ಲ, ಇದರದ್ದೇ ಎಂದು ನೋಡಿ ನೋಡಿ ಆರಿಸಿ, ಕಂಪ್ಯೂಟರಿಗೆ ಕಟ್ಟಲು ಬಿಟ್ಟಿದ್ದ. ಪರದೆಯ ಮೇಲೆ ಸಾಲುಗಳು ಇರುವೆಗಳ ಹಾಗೆ ಮೇಲಕ್ಕೆ ಹತ್ತಿಹೋಗಿ, ಕೊನೆಗೆ ಎರಡು ತುಂಡು ಹುಟ್ಟಿದ್ದವು: ಚಿಪ್ಪಿನ ಇಕ್ಕಟ್ಟಿನಲ್ಲಿ ಹಿಡಿಸುವ ಚಿಕ್ಕದೊಂದು, ಆ ಚಿಕ್ಕದು ಕೈಹಿಡಿದು ಕರೆತರುವ ದೊಡ್ಡದೊಂದು. ಅಷ್ಟರಲ್ಲಿ ಭಾವಮೈದುನ ಬಂದು ಹಿಂದೆ ನಿಂತಿದ್ದ. ಹಿಂದೆ ನಿಂತರೆ ಅವನ ಸೋಪಿನ ವಾಸನೆ ಬರುತ್ತಿತ್ತು. ಗಂಟಲು ಸರಿಮಾಡಿಕೊಂಡು, "ನಿಧಾನ, ಭಾವ. ಮೊದಲು ಕಾರ್ಡಲ್ಲೇ ನೋಡ್ಬಿಡಿ," ಅಂದಿದ್ದ. ಅಷ್ಟೇ ಅಂದದ್ದು. ಆದರೆ ನಿಧಾನ ಅನ್ನುವ ಆ ಮಾತು, ವಯಸ್ಸಾದವರನ್ನು ಮೆಟ್ಟಿಲು ಇಳಿಸುವಾಗ ಮೊಣಕೈ ಹಿಡಿದು ಹೇಳುವಂಥ ನಿಧಾನ. "ಹೂಂ, ಹಾಗೇ ಮಾಡೋದು," ಎಂದು ಇವನು ಪರದೆಗೇ ಹೇಳಿದ. ಸೋಪಿನ ವಾಸನೆ ದೂರವಾದದ್ದೇ ಕಾರ್ಡನ್ನು ಪಕ್ಕಕ್ಕೆ ತಳ್ಳಿ, ನೇರ ಒಳಗಿನ ಚಿಪ್ಪಿಗೆ, ಹಳೆಯದರ ಮೇಲೆಯೇ ಬರೆದುಬಿಟ್ಟ. ಬರೆಯುವಾಗ ಮನಸ್ಸಿನಲ್ಲಿ ಒಂದು ಬಗೆಯ ಉಲ್ಲಾಸವೂ ಇತ್ತು ಅನ್ನುವುದೇ ಈಗ ನೆನೆದರೆ ನಾಚಿಕೆ.

ಮೊದಲಿದ್ದ ಕಾರ್ಖಾನೆಯಲ್ಲಿ ಅವನಿಗೆ ಯಾರೂ ನಿಧಾನ ಎಂದು ಹೇಳುತ್ತಿರಲಿಲ್ಲ. ಅಲ್ಲಿ ದೊಡ್ಡ ಗೇಟಿತ್ತು, ಗೇಟಿನವನು ಹೆಸರು ಹಿಡಿದು ನಮಸ್ಕಾರ ಹೇಳುತ್ತಿದ್ದ. ಆ ಗೇಟು ಮುಚ್ಚಿದ ಮೇಲೆ ಅವನು ಮನೆಯಲ್ಲಿ, ಹಗಲು ಹೊತ್ತಿನಲ್ಲಿ, ಗೋಡೆಯ ಕಡೆ ಮುಖ ಮಾಡಿ ಮಲಗುವುದನ್ನು ಕಲಿತ. ಹೆಂಡತಿ ಬಾಗಿಲನ್ನು ಒಂದು ಗೇಣು ತೆರೆದೇ ಇಡುತ್ತಿದ್ದಳು. ಅಡುಗೆಮನೆಯ ಬೆಳಕು ಆ ಸಂದಿಯಿಂದ ಬಂದು ಅವನ ಮುಖದೆದುರಿನ ಗೋಡೆಯ ಮೇಲೆ ಒಂದು ಗೆರೆಯಾಗುತ್ತಿತ್ತು. ಆಗೊಮ್ಮೆ ಈಗೊಮ್ಮೆ ಆ ಗೆರೆಯಲ್ಲಿ ನೆರಳು ಬಂದು ನಿಂತು, "ಎಚ್ಚರಾನಾ?" ಎಂದು ಕೇಳುತ್ತಿತ್ತು. ಪಾಪ, ಭಯ ಅವಳಿಗೆ. ಅವನು ಹೂಂ ಅನ್ನುತ್ತಿದ್ದ. ಮಲಗಿದ್ದಾಗ ಆ ಪ್ರಶ್ನೆಗಾಗಿ ಕಾಯುತ್ತಿದ್ದ, ಎದ್ದು ಕೂತಾಗ ನಿದ್ದೆ ಎಳೆಯುತ್ತಿತ್ತು. ತಮ್ಮನಿಗೆ ಹೇಳಿ ಈ ಕೆಲಸ ಕೊಡಿಸಿದವಳೂ ಅವಳೇ. ಕೆಲಸಕ್ಕೆ ಸೇರಿದ ಮೇಲೂ ಬಾಗಿಲು ಹಾಗೇ, ಗೆರೆ ಹಾಗೇ, ಪ್ರಶ್ನೆಯೂ ಹಾಗೇ. ಇಲ್ಲಿ ಬಂದ ಮೇಲೆ ಇನ್ನೊಂದು ಫಜೀತಿ ಸೇರಿಕೊಂಡಿತು. ಚಡ್ಡಿ ಹಾಕಿಕೊಂಡಿದ್ದಾಗಿಂದ ನೋಡಿದ ಹುಡುಗ, ಮದುವೆಯಲ್ಲಿ ಇವನ ಚಪ್ಪಲಿ ಬಚ್ಚಿಟ್ಟವನು, ಈಗ ಯಜಮಾನ. ನೀನು ಅನ್ನುವುದೋ, ನೀವು ಅನ್ನುವುದೋ? ಎರಡೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಅದಕ್ಕೇ ಎರಡೂ ಬೇಕಾಗದ ಮಾತುಗಳನ್ನು ಹುಡುಕಿ ಹುಡುಕಿ ಆಡುತ್ತಿದ್ದ: ಊಟ ಆಯ್ತಾ, ಸಾಮಾನು ಬಂತಾ, ಬಾಗಿಲು ಹಾಕ್ಲಾ.

ಊಟದ ಹೊತ್ತಿಗೆ ಎಲ್ಲರೂ ಎದ್ದರು, ಅವನು ಏಳಲಿಲ್ಲ. ಅದೇ ಬೂಟ್‌ಲೋಡರನ್ನು ಇನ್ನೊಮ್ಮೆ ಕಟ್ಟಿದ. ಕಾರ್ಡಿಗೆ ಬರೆದು ತೂರಿಸಿದ. ಹೆಸರಿನ ಕೊನೆಯ ಅಕ್ಷರವನ್ನು ಬೆರಳಿಟ್ಟು ನೋಡಿದ, ಸರಿಯಾಗಿಯೇ ಇತ್ತು. ಸರಿಯಾಗಿದೆ ಅನ್ನುವುದೇ ಹೆದರಿಕೆ ಹುಟ್ಟಿಸಿತು. ತಪ್ಪಿದ್ದರೆ ತಿದ್ದಬಹುದಿತ್ತು. ಮೂರು ತಂತಿಗಳನ್ನು ಮುಟ್ಟಿ ನೋಡಿದ. ಒಂದು, ಬೋರ್ಡಿಗೂ ಕಂಪ್ಯೂಟರಿಗೂ ಸೇರಿದ ನೆಲದ ತಂತಿ, ಅರ್ತ್ ಅನ್ನುವುದು. ಇನ್ನೆರಡು ಅಡ್ಡಡ್ಡ, ಇದರ ಬಾಯಿ ಅದರ ಕಿವಿಗೆ, ಅದರ ಬಾಯಿ ಇದರ ಕಿವಿಗೆ. ಎಲ್ಲ ಇದ್ದಲ್ಲೇ ಇದ್ದವು. ಮಾತಾಡುವವರಿಲ್ಲ, ಅಷ್ಟೆ. ಮತ್ತೆ ಪಿನ್ನು ಕಿತ್ತು, ಮಂಕು ದೀಪವನ್ನು ನೋಡುತ್ತ ಕೂತ. ಅದನ್ನು ನೋಡುವುದೇ ಒಂದು ಕೆಲಸವಾಗಿಬಿಟ್ಟಿತ್ತು. ಅದು ಇರುವಷ್ಟು ಹೊತ್ತು ಯಾರಿಗೂ ಏನೂ ಹೇಳಬೇಕಾಗಿಲ್ಲ.

"ಏನಪ್ಪಾ, ಬೋರ್ಡಿಗೆ ಜೋಗುಳ ಹಾಡ್ತಾ ಕೂತಿದ್ದೀಯಾ?"

ಪಕ್ಕದ ಮೇಜಿನ ಸೋದರತ್ತೆ. ಬೆಸುಗೆ ಹಾಕುವ ಹೆಂಗಸು. ಯಾರಿಗೂ ಸೋದರತ್ತೆಯಲ್ಲ, ಎಲ್ಲರನ್ನೂ ಬಯ್ಯುವ ಹಕ್ಕು ತಾನಾಗಿಯೇ ತೆಗೆದುಕೊಂಡದ್ದಕ್ಕೆ ಆ ಹೆಸರು. ಲಿಫ್ಟುಗಳಲ್ಲಿ ಮಹಡಿಯ ಹೆಸರು ಹೇಳುವ ದನಿಯೂ ಅವಳದೇ. ಬೇರೆ ಯಾರ ದನಿಯೂ ಸ್ಪೀಕರಿನಲ್ಲಿ ಸ್ಪಷ್ಟ ಬರಲಿಲ್ಲವೆಂದು ಅವಳಿಂದ ಹೇಳಿಸಿದ್ದರು. ಊರಿನ ಎಷ್ಟೋ ಜನ ದಿನಾ ತನ್ನಿಂದ ಬೈಸಿಕೊಂಡೇ ಮೇಲೆ ಹೋಗುತ್ತಾರೆ ಎಂದು ಅವಳಿಗೆ ಸಮಾಧಾನ.

"ಊಟ ಮಾಡಿಲ್ಲ ತಾನೆ? ಮುಖ ನೋಡಿದ್ರೆ ಗೊತ್ತಾಗುತ್ತೆ, ಸುಟ್ಟ ಬಲ್ಬಿನ ಹಾಗಿದೆ. ಸರಿ, ನಿನ್ನ ಆ ತಂತಿ ಕೊಡು ಸ್ವಲ್ಪ. ನನ್ನದರ ತಲೆ ಮುರ್ದೋಗಿದೆ, ಎರಡು ಪೆಟ್ಟಿಗೆ ನೋಡಿ ಕೊಡ್ತೀನಿ."

"ಈಗ ಬೇಡ, ಅತ್ತೆ."

"ಯಾಕೆ, ಅದೇನು ಮಾತಾಡ್ತಿದೆಯಾ ಈಗ?"

ಅವನು ಪರದೆ ನೋಡಿದ. ಅವಳೂ ನೋಡಿದಳು. ಮಿಟುಕಿಸುವ ಚೌಕ ಬಿಟ್ಟು ಏನೂ ಇಲ್ಲ ಎಂದು ಇಬ್ಬರಿಗೂ ಕಾಣುತ್ತಿತ್ತು. ಇಲ್ಲ ಅನ್ನಲು ಇನ್ನೊಂದು ಕಾರಣ ಸಿಗಲಿಲ್ಲ. ಮೂರು ತಂತಿಗಳನ್ನು ಒಂದೊಂದಾಗಿ ಬೋರ್ಡಿನಿಂದ ಬಿಡಿಸಿದ. ಎರಡನೆಯದನ್ನು ಎಳೆದಾಗ ಹಸಿರು ದೀಪ ಆರಿತು. ಮಂಕಾಗಿ, ಮಂಕಾಗಿ, ಇಲ್ಲವಾಯಿತು. ಕೈ ಅಡ್ಡ ಹಿಡಿದು ನೋಡಿದ. ಬರೀ ಗಾಜಿನ ಕಾಳು. ಸೋದರತ್ತೆ ತಂತಿ ಹಿಡಿದು ಹೋದಳು, ಹೋಗುವಾಗ ಏನೋ ಅಂದಳು, ಕೇಳಿಸಲಿಲ್ಲ. ಅಮ್ಮನ ಮುಖದ ಮೇಲೆ ಹೊದಿಕೆ ಎಳೆದ ಕೈ ಯಾರದಿತ್ತು ಎಂದು ಅವನಿಗೆ ಯಾವತ್ತೂ ನೆನಪಿಗೆ ಬರುತ್ತಿರಲಿಲ್ಲ. ಈಗ ಬಂತು, ಅದು ಅಕ್ಕನ ಕೈ, ಬಳೆ ತೆಗೆದಿಟ್ಟ ಕೈ. ಎಷ್ಟು ಹೊತ್ತು ಕೂತಿದ್ದನೋ. ನೋಡುವುದಕ್ಕೆ ಏನೂ ಉಳಿದಿರಲಿಲ್ಲ, ಅದಕ್ಕೇ ಎದ್ದ.

ಭಾವಮೈದುನ ಗಾಜಿನ ಕೋಣೆಯಲ್ಲಿ ಫೋನಿನಲ್ಲಿದ್ದ. "ಬನ್ನಿ ಬನ್ನಿ, ಸಂಜೆ ಬನ್ನಿ, ನೀವೇ ನೋಡಿ," ಅನ್ನುತ್ತಿದ್ದ. ಆಸ್ಪತ್ರೆಯವರೇ ಇರಬೇಕು. ಕೈಸನ್ನೆಯಲ್ಲಿ ಕುರ್ಚಿ ತೋರಿಸಿದ. ಇವನು ಕೂರಲಿಲ್ಲ. ಫೋನು ಕೆಳಗಿಟ್ಟದ್ದೇ, ಇಡೀ ದಿನ ಜೋಡಿಸಿದ್ದ ಮಾತುಗಳೆಲ್ಲ ಬಾಗಿಲಲ್ಲೇ ಬಿಟ್ಟುಹೋಗಿ, "ಬೋರ್ಡು ಸತ್ತುಹೋಯ್ತು," ಅಂದ.

"ಯಾವುದು?"

"ಅದೇ. ಇರೋದೊಂದೇ ಅಲ್ವಾ."

ಭಾವಮೈದುನ ಮೇಜಿನ ಮೇಲಿದ್ದ ಪೆನ್ನನ್ನು ತೆಗೆದು, ಮುಚ್ಚಳ ಹಾಕಿ, ಮತ್ತೆ ಅಲ್ಲೇ ಇಟ್ಟ. "ಕಾರ್ಡಲ್ಲಿ ನೋಡಿ ಅಂದಿದ್ನಲ್ಲ, ಭಾವ."

"ಹೂಂ."

"ಮತ್ತೆ?"

"ನೀನು ಅಂದೆ ಅಂತಲೇ ನೋಡಲಿಲ್ಲ."

ಹೇಳಿದ ಮೇಲೆ ಕಿವಿಗೆ ಬಿತ್ತು. ನೀನು. ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ. ಭಾವಮೈದುನ ತಲೆಯೆತ್ತಿ ನೋಡಿದ, ಆ ನೋಟದಲ್ಲಿ ಚಪ್ಪಲಿ ಬಚ್ಚಿಟ್ಟು ಸಿಕ್ಕಿಬಿದ್ದ ಹುಡುಗ ಒಂದು ಕ್ಷಣ ಬಂದು ಹೋದ. "ಅಂತೂ ಬಾಯಿಬಿಟ್ರಿ," ಅಂದ. "ನಾನೂ ಅಷ್ಟೇ ನೋಡಿ. ನಿಮಗೊಂದು ಕೆಲಸ ಹೇಳಬೇಕು ಅಂದ್ರೆ ನಾಕು ಸಲ ಗಂಟಲು ಸರಿಮಾಡ್ಕೋತೀನಿ. ನಿಧಾನ ಅಂದಿದ್ದು ನಿಮಗಲ್ಲ, ಭಾವ, ನನಗೆ. ಬೆಳಿಗ್ಗೆಯಿಂದ ಅವಸರ ಪಡ್ತಿರೋದು ನಾನು." ಎದ್ದು ನಿಂತ. "ಬೋರ್ಡು ಹೋಗಿದ್ರೆ ಆ ಕೆಲಸ ಹೋಗುತ್ತೆ, ಅದು ನಿಜ. ಪರವಾಗಿಲ್ಲ ಅಂತ ಸುಳ್ಳು ಹೇಳಲ್ಲ. ಬೈತೀನಿ, ಆದ್ರೆ ಆಮೇಲೆ ಬೈತೀನಿ. ಬನ್ನಿ, ಮೊದಲು ಹೆಣ ನೋಡೋಣ."

ಕೋಣೆಯಿಂದ ಮೇಜಿನವರೆಗೆ ನಡೆಯುವಾಗ ಅವನಿಗೆ ವಿಚಿತ್ರವಾಗಿ ಹಸಿವಾಯಿತು. ಏನೂ ಸರಿಹೋಗಿರಲಿಲ್ಲ, ಆದರೂ ಕಾಲು ಹಗುರವಾಗಿ ನೆಲಕ್ಕೆ ಬೀಳುತ್ತಿತ್ತು, ಕಿಟಕಿಯ ಹೊರಗೆ ಯಾರೋ ಸೈಕಲ್ಲಿನ ಚೈನು ಹಾಕುತ್ತಿದ್ದದ್ದು, ಚೈನಿನ ಎಣ್ಣೆ ಅವನ ಬೆರಳಿಗೆ ಹತ್ತಿದ್ದದ್ದು ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಬೆಳಿಗ್ಗೆಯಿಂದ ಅವನು ಕಿಟಕಿಯನ್ನೇ ನೋಡಿರಲಿಲ್ಲ. ಸೋದರತ್ತೆ ಎದುರು ಬಂದು, "ತಗೋ ನಿನ್ನ ಬಾಲ," ಎಂದು ತಂತಿಗಳನ್ನು ಕೈಗಿಟ್ಟಳು. ಇಬ್ಬರ ಮುಖ ನೋಡಿ ಹೋಗದೆ ಅಲ್ಲೇ ನಿಂತಳು. ಅವನು ತಂತಿಗಳನ್ನು ಬಿಡಿಸಿಕೊಳ್ಳುತ್ತಿದ್ದ, ಮೊದಲನೆಯದನ್ನೂ ಇನ್ನೂ ಹಾಕಿರಲಿಲ್ಲ. ಭಾವಮೈದುನನದು ಸುಮ್ಮನಿರಲಾರದ ಕೈ; ಮೇಜಿನ ಮೇಲಿದ್ದ ಕರೆಂಟಿನ ಪಿನ್ನನ್ನು ತೆಗೆದು ಬೋರ್ಡಿಗೆ ಚುಚ್ಚಿದ. ಹಸಿರು ದೀಪ ಹೊತ್ತಿತು. ಇವನು ಅವಸರದಲ್ಲಿ ನೆಲದ ತಂತಿ ಹಾಕಿದ, ಎರಡನೆಯದು ಹಾಕಿದ, ಮೂರನೆಯದನ್ನು ಹಾಕುವಷ್ಟರಲ್ಲಿ ಪರದೆಯ ಮೇಲೆ ಒಂದು ಸಾಲು ಅರ್ಧದಿಂದ ಶುರುವಾಗಿ ಓಡಿತು. ಅದರ ಹಿಂದೆ ಇನ್ನೊಂದು. ಇವರು ಕಿವಿ ಕೊಡುವ ಮೊದಲೇ ಅದು ಮಾತಾಡಲು ಶುರುಮಾಡಿತ್ತು. ನೆನಪಿನ ಚಿಪ್ಪು ಸಿಕ್ಕಿತು ಎಂದಿತು, ದೊಡ್ಡದನ್ನು ಕರೆಯುತ್ತಿದ್ದೇನೆ ಎಂದಿತು, ಮತ್ತೆ ಯಾರೂ ಏನೂ ಅನ್ನುವಷ್ಟರಲ್ಲಿ, ಬೆಂಕಿಪೊಟ್ಟಣದಷ್ಟು ಸ್ಪೀಕರಿನಿಂದ ಸೋದರತ್ತೆಯ ದನಿ ಗದರಿತು: "ನೆಲ ಮಹಡಿ."

"ಓ," ಅಂದಳು ಸೋದರತ್ತೆ, "ನಾನು ಎದ್ದೆ."

ಭಾವಮೈದುನ ನಕ್ಕ. ನಗುತ್ತ ನಗುತ್ತ ಸ್ಟೂಲಿನ ಮೇಲೆ ಕೂತುಬಿಟ್ಟ. "ಇಷ್ಟು ಬೇಗ? ಹಳೇದು ಇಷ್ಟೊತ್ತಿಗೆ ಆಕಳಿಸ್ತಾ ಇರ್ತಿತ್ತು," ಅಂದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ, ಕನ್ನಡಕ ಒರೆಸಿ ಮುಗಿದ ಮೇಲೂ ಒರೆಸುತ್ತಿದ್ದ. ಅವನಿಗೆ ಮಾತ್ರ ನಗು ಬರಲಿಲ್ಲ. ಪಿನ್ನು ಕಿತ್ತ. ದೀಪ ಮಂಕಾಯಿತು, ಆರಲಿಲ್ಲ. ಪಿನ್ನು ಚುಚ್ಚಿದ. ಏನೂ ಇಲ್ಲ, ಮೌನ. ಭಾವಮೈದುನನ ನಗು ನಿಂತಿತು. ಇವನು ಈ ಸಲ ಪಿನ್ನನ್ನೂ ಕಿತ್ತು, ಮೂರು ತಂತಿಗಳನ್ನೂ ಕಿತ್ತ. ದೀಪ ಆರಿತು. ಪೂರ್ತಿ ಆರುವವರೆಗೆ, ಆರಿದ ಮೇಲೂ ಒಂದಷ್ಟು ಹೊತ್ತು, ಕೈ ಕಟ್ಟಿ ನಿಂತ. ಮೊದಲು ಪಿನ್ನು ಚುಚ್ಚಿದ. "ನೆಲ ಮಹಡಿ." ಆಗ ಅವನಿಗೆ ಅರ್ಥವಾಯಿತು. ಕಂಪ್ಯೂಟರಿನ ಬಾಯಿಯಿಂದ ಬೋರ್ಡಿನ ಕಿವಿಗೆ ಹೋಗುವ ತಂತಿ ಇದೆಯಲ್ಲ, ಏನೂ ಹೇಳದೆ ಇರುವಾಗಲೂ ಅದರಲ್ಲಿ ಒಂದಿಷ್ಟು ಕರೆಂಟು ನಿಂತಿರುತ್ತದೆ. ಅವನು ಪಿನ್ನು ಕಿತ್ತಾಗಲೆಲ್ಲ ಆ ತಂತಿ ಹನಿಹನಿಯಾಗಿ ಬೋರ್ಡಿಗೆ ಜೀವ ಊಡುತ್ತಿತ್ತು. ಸಾಯುವಷ್ಟೂ ಬಿಡದು, ಬದುಕುವಷ್ಟೂ ಸಾಲದು. ಮೊದಲ ಸಲ ಶುರುವಾಗು ಅಂದಾಗ ಎಲ್ಲೋ ನಡುವೆ ಸಿಕ್ಕಿಕೊಂಡದ್ದು, ಇಡೀ ದಿನ ಅಲ್ಲೇ ಸಿಕ್ಕಿಕೊಂಡಿತ್ತು. ಅವನು ಕಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎಬ್ಬಿಸಿದ ಪ್ರತಿ ಸಲವೂ ಅವನು ಎಬ್ಬಿಸಿದ್ದು ಮಲಗಿರದೇ ಇದ್ದದ್ದನ್ನು.

ಹೇಳಿದಾಗ ಸೋದರತ್ತೆ ಮೂಗು ಮುರಿದಳು. "ಹೊರಟ ನೆಂಟರು ಹೊಸ್ತಿಲಲ್ಲಿ ನಿಂತು ಮಾತಾಡ್ತಾರಲ್ಲ, ಹಾಗೆ. ಒಳಗೂ ಇಲ್ಲ, ಹೊರಗೂ ಇಲ್ಲ, ಬಾಗಿಲು ಹಾಕೋಕೂ ಬಿಡಲ್ಲ."

"ಇಡೀ ದಿನ ಆ ದೀಪ ನೋಡ್ಕೊಂಡು ಧೈರ್ಯ ತಂದ್ಕೊಂಡಿದ್ದೆ," ಅಂದ ಅವನು.

"ತಂದ್ಕೊಳ್ಳೋಕೆ ಬೇರೇನೂ ಸಿಗಲಿಲ್ವಾ ನಿನಗೆ? ಹೋಗು, ಕೈ ತೊಳ್ಕೊ. ನನ್ನ ಡಬ್ಬೀಲಿ ಉಳಿದಿದೆ."

ಸಂಜೆ ಆಸ್ಪತ್ರೆಯವರು ಬಂದರು, ಪಿನ್ನು ಕಿತ್ತು ಕಿತ್ತು ನೋಡಿದರು, ಪ್ರತಿ ಸಲವೂ ಸೋದರತ್ತೆ ಗದರಿದಳು, ಒಪ್ಪಿಕೊಂಡು ಹೋದರು. ಅಷ್ಟು ಹೊತ್ತೂ ಮೂರು ತಂತಿಗಳು ಅವನ ಜೇಬಿನಲ್ಲಿದ್ದವು. ಬಾಗಿಲು ಹಾಕುವಾಗ ಭಾವಮೈದುನ, "ಬೈತೀನಿ ಅಂದಿದ್ದೆ," ಎಂದು ನೆನಪಿಸಿದ. "ಬೈಯಪ್ಪ," ಅಂದ ಇವನು. ಭಾವಮೈದುನ ಗಂಟಲು ಸರಿಮಾಡಿಕೊಂಡ, ಬೀಗ ಎಳೆದು ನೋಡಿದ, "ಮುಂದಿನ ಸಲ ಕಾರ್ಡಲ್ಲಿ ನೋಡು," ಅಂದ. ಇಬ್ಬರೂ ಬೇರೆ ಬೇರೆ ಕಡೆಗೆ ನಡೆದರು. ಬೀದಿಯ ತಿರುವಿನಲ್ಲಿ ಹೊಳೆಯಿತು: ನೋಡು ಅಂದ, ನೋಡಿ ಅನ್ನಲಿಲ್ಲ. ಅವನೊಬ್ಬನೇ ನಕ್ಕ. ಎದುರು ಬಂದ ಹೆಂಗಸು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಮನೆಗೆ ಬಂದವನು ಹೆಂಡತಿಗೆ ಎರಡೇ ಮಾತಿನಲ್ಲಿ ಹೇಳಿ, ಬಟ್ಟೆ ಬದಲಿಸದೆ ಹಾಸಿಗೆಯ ಮೇಲೆ ಉರುಳಿದ. ಗೋಡೆಯ ಮೇಲೆ ಬೆಳಕಿನ ಗೆರೆ ಇತ್ತು. ಅದನ್ನು ನೋಡುತ್ತಿದ್ದ ಹಾಗೇ ಅದರೊಳಗೆ ನೆರಳು ಬಂದು ನಿಂತಿತು. ನೆರಳು ಉಸಿರು ತೆಗೆದುಕೊಂಡದ್ದು ಕೇಳಿಸಿತು.

"ಇವತ್ತು ಕೇಳಬೇಡ," ಅಂದ.

"ಏನನ್ನ?"

"ಎಚ್ಚರಾನಾ ಅಂತ. ಮಲಗ್ತೀನಿ. ನಿಜವಾಗ್ಲೂ ಮಲಗ್ತೀನಿ."

"ಊಟಕ್ಕೆ ಎಬ್ಬಿಸ್ಲಾ?"

"ಬೇಡ."

"ಎಬ್ಬಿಸಲ್ಲ ಹಾಗಾದ್ರೆ. ಹಸಿವಾದ್ರೆ ನೀವೇ ಎದ್ದು ಬರ್ತೀರ, ಎಲ್ಲಿಗೆ ಹೋಗ್ತೀರ," ಎಂದು, ಬಾಗಿಲನ್ನು ತನ್ನ ಕಡೆಗೆ ಎಳೆದುಕೊಂಡಳು. ಚಿಲಕ ತನ್ನ ತೂತಿನಲ್ಲಿ ಕೂತ ಸದ್ದಾಯಿತು. ಗೋಡೆಯ ಮೇಲಿನ ಗೆರೆ ಸಣ್ಣದಾಯಿತು, ಎಳೆಯಾಯಿತು, ಆರಿತು. ಕತ್ತಲೆ ಅವನು ಅಂದುಕೊಂಡಷ್ಟು ಕಪ್ಪಾಗಿರಲಿಲ್ಲ, ಅಥವಾ ಅದನ್ನು ನೋಡುವಷ್ಟು ಹೊತ್ತು ಅವನು ಇರಲಿಲ್ಲ.

ಕಣ್ಣು ಬಿಟ್ಟಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಯಾರೂ ಕರೆದಿರಲಿಲ್ಲ. ಹೊದಿಕೆಯನ್ನು ಕಾಲ ಕಡೆಗೆ ತಾನೇ ತಳ್ಳಿ, ಕತ್ತಲಲ್ಲಿ ತಡಕಾಡಿ, ಚಿಲಕ ಹುಡುಕಿ ಬಾಗಿಲು ತೆರೆದ. ಹೆಂಡತಿ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದಳು, ತಿರುಗಿ ನೋಡಿದಳು.

"ಎದ್ರಾ?"

"ಎದ್ದೆ," ಅಂದ.